ಒಂದೇ ವರದಿ, ಮೂರು ಬ್ರೌಸರ್, ಮೂರು ಫಲಿತಾಂಶ: ಏಕೆ?

ಪ್ರಶ್ನೆ: ನಾನು ಪತ್ತಿನ ಸಹಕಾರ ಸಂಘವೊಂದರ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಸದಸ್ಯರ ಸಾಲ, ಠೇವಣಿಗಳ ಲೆಕ್ಕಕ್ಕೆ ಒಂದು ವೆಬ್ ಅಪ್ಲಿಕೇಶನ್ ಇದೆ. ಅದರ ಸರ್ವರ್ ಹೊರಗೆ, ಡೇಟಾ ಸೆಂಟರ್‌ನಲ್ಲಿದೆ. ವರ್ಷದ ಕೊನೆಯ ವರದಿ ತಯಾರಾಗಲು ಏಳೆಂಟು ನಿಮಿಷ ಹಿಡಿಯುತ್ತದೆ. ನನ್ನ ಕ್ರೋಮ್‌ನಲ್ಲಿ ತಡವಾಗಿಯಾದರೂ ವರದಿ ಬರುತ್ತದೆ. ಪಕ್ಕದ ಮೇಜಿನ ಫೈರ್‌ಫಾಕ್ಸ್‌ನಲ್ಲಿ ಚಕ್ರ ತಿರುಗುತ್ತಲೇ ಇದ್ದು ಕೊನೆಗೆ ದೋಷದ ಪುಟ ಕಾಣಿಸುತ್ತದೆ. ಕಾರ್ಯದರ್ಶಿಯವರ ಮ್ಯಾಕ್‌ನಲ್ಲಿರುವ ಸಫಾರಿ ಸರಿಯಾಗಿ ಒಂದು ನಿಮಿಷಕ್ಕೆ ನಿಲ್ಲಿಸಿಬಿಡುತ್ತದೆ. ಸರ್ವರ್‌ನಲ್ಲಿ ಅಪ್ಲಿಕೇಶನ್‌ನ ಮುಂದೆ ನಿಂತಿರುವ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಕಾಯುವ ಅವಧಿಯನ್ನು ಈಗಾಗಲೇ ಹತ್ತು ನಿಮಿಷಕ್ಕೆ ಏರಿಸಿದ್ದೇವೆ. ಇದು ಬ್ರೌಸರ್‌ಗಳ ದೋಷವೇ? ಎಲ್ಲರಿಗೂ ಕ್ರೋಮ್ ಹಾಕಿಕೊಟ್ಟರೆ ಸಾಕೇ? ಕೆಲವೊಮ್ಮೆ ಒಂದೇ ವರದಿ ಎರಡು ಸಲ ತಯಾರಾಗಿರುತ್ತದೆ, ಅದೇಕೆ?

ಉತ್ತರ: ಎಲ್ಲರಿಗೂ ಕ್ರೋಮ್ ಹಾಕಿಕೊಟ್ಟರೆ ಈ ವರ್ಷ ಹೇಗೋ ನಡೆದೀತು, ಮುಂದಿನ ವರ್ಷ ಸದಸ್ಯರು ಹೆಚ್ಚಾದಾಗ ಅದೂ ಕೈಕೊಡುತ್ತದೆ. ನಿಮ್ಮ ಮೂರೂ ಬ್ರೌಸರ್‌ಗಳು ತಂತಮ್ಮ ನಿಯಮದಂತೆ ಸರಿಯಾಗಿಯೇ ನಡೆದುಕೊಳ್ಳುತ್ತಿವೆ. ಸರ್ವರ್ ಏಳೆಂಟು ನಿಮಿಷ ಒಂದಕ್ಷರವನ್ನೂ ಕಳಿಸದೆ ಸುಮ್ಮನಿದ್ದರೆ, ಅಷ್ಟೂ ಹೊತ್ತು ದಾರಿಯಲ್ಲಿರುವ ಎಲ್ಲರೂ ಕಾಯಬೇಕಾಗುತ್ತದೆ: ಬ್ರೌಸರ್, ಅದರ ಕೆಳಗಿನ ಆಪರೇಟಿಂಗ್ ಸಿಸ್ಟಂ, ಕಚೇರಿಯ ರೂಟರ್, ಫೈರ್‌ವಾಲ್, ಎಂಜಿನ್‌ಎಕ್ಸ್, ಅದರ ಹಿಂದಿನ ಅಪ್ಲಿಕೇಶನ್, ಅದರ ಹಿಂದಿನ ಡೇಟಾಬೇಸ್. ಇವರಲ್ಲಿ ಒಬ್ಬರು ಕೈಬಿಟ್ಟರೂ ವರದಿ ನಿಮ್ಮ ಪರದೆಗೆ ಬರುವುದಿಲ್ಲ. ಹಾಗಾಗಿ ಮೊದಲು ಹುಡುಕಬೇಕಾದದ್ದು ಇಷ್ಟೇ: ಮೊದಲು ಕೈಬಿಟ್ಟವರು ಯಾರು? ಅದು ಗೊತ್ತಾದರೆ ಮುಂದಿನ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಇಷ್ಟೊಂದು ವ್ಯತ್ಯಾಸ ಬರಲು ಮೂಲ ಕಾರಣವೊಂದಿದೆ. ವೆಬ್ ನಡೆಯುವುದು ಎಚ್‌ಟಿಟಿಪಿ ಎಂಬ ನಿಯಮಾವಳಿಯ ಮೇಲೆ. ಒಂದು ಉತ್ತರಕ್ಕಾಗಿ ಎಷ್ಟು ಸೆಕೆಂಡ್ ಕಾಯಬೇಕು ಎಂದು ಆ ನಿಯಮಾವಳಿ ಎಲ್ಲೂ ಹೇಳುವುದಿಲ್ಲ. ಗಡುವು ಇರಬೇಕೇ ಬೇಡವೇ, ಇದ್ದರೆ ಎಷ್ಟಿರಬೇಕು ಎಂಬುದನ್ನು ಅದು ಬ್ರೌಸರ್ ಮತ್ತು ಸರ್ವರ್ ಬರೆಯುವವರಿಗೇ ಬಿಟ್ಟಿದೆ. ಪ್ರತಿಯೊಬ್ಬರೂ ತಮಗೆ ಸರಿಕಂಡ ಸಂಖ್ಯೆ ಇಟ್ಟುಕೊಂಡರು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದರಲ್ಲೇ ಈ ಸಂಖ್ಯೆ ಎಷ್ಟು ಬದಲಾಯಿತು ನೋಡಿ. ಅದರ 4ನೇ ಆವೃತ್ತಿ ಸರ್ವರ್‌ನ ಉತ್ತರಕ್ಕೆ 5 ನಿಮಿಷ ಕಾಯುತ್ತಿತ್ತು, 5ನೇ ಆವೃತ್ತಿಯಿಂದ ಅದು 60 ನಿಮಿಷವಾಯಿತು. ಆ ಕಾಲದಲ್ಲಿ ಬರೆದ ಎಷ್ಟೋ ಕಚೇರಿ ಅಪ್ಲಿಕೇಶನ್‌ಗಳು ಆ ಒಂದು ಗಂಟೆಯ ತಾಳ್ಮೆಯನ್ನು ನಂಬಿಕೊಂಡೇ ಬೆಳೆದವು. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಆ ಬ್ರೌಸರ್‌ಗೆ ವಿದಾಯ ಹೇಳಿತು. "ಮೊದಲೆಲ್ಲ ಸರಿಯಾಗಿ ಬರುತ್ತಿತ್ತು, ಬ್ರೌಸರ್ ಬದಲಿಸಿದ ಮೇಲೆ ಕೆಟ್ಟಿತು" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ ಕಥೆ.

ಕಾಯುವುದರಲ್ಲೂ ಬಗೆಗಳಿವೆ

ಟೈಮ್‌ಔಟ್ ಎಂದು ಒಂದೇ ಹೆಸರಿನಲ್ಲಿ ಕರೆದರೂ ಅದರೊಳಗೆ ಬೇರೆ ಬೇರೆ ಕಾಯುವಿಕೆಗಳಿವೆ. ಫೋನ್ ಮಾಡಿದಾಗ ಆ ಕಡೆ ರಿಂಗ್ ಆಗುತ್ತಲೇ ಇರುವುದು ಬೇರೆ, ಎತ್ತಿ ಹಲೋ ಎಂದವರು ಮುಂದೆ ಮಾತೇ ಆಡದಿರುವುದು ಬೇರೆ. ಇಲ್ಲಿಯೂ ಹಾಗೆಯೇ. ಸರ್ವರ್‌ನೊಂದಿಗೆ ಕನೆಕ್ಷನ್ ಆಗುವವರೆಗಿನ ಕಾಯುವಿಕೆ ಒಂದು. ಕನೆಕ್ಷನ್ ಆಗಿ, ರಿಕ್ವೆಸ್ಟ್ ಹೋದ ಮೇಲೆ ಉತ್ತರದ ಮೊದಲ ಬೈಟ್ ಬರುವವರೆಗಿನದು ಇನ್ನೊಂದು. ಉತ್ತರ ಬರಲು ಶುರುವಾಗಿ ನಡುವೆ ನಿಂತುಹೋದರೆ ಮತ್ತೆ ಎಷ್ಟು ಹೊತ್ತು ಕಾಯಬೇಕು ಎಂಬುದು ಮೂರನೆಯದು. ನಿಮ್ಮದು ಎರಡನೆಯ ಬಗೆಯ ತೊಂದರೆ. ಆದರೆ ಇಂಥ ದೂರುಗಳಲ್ಲಿ ಹೆಚ್ಚಿನವರು ಮೊದಲನೆಯದನ್ನು ಎರಡನೆಯದೆಂದು ಭಾವಿಸಿ ದಾರಿ ತಪ್ಪುವುದರಿಂದ ಅದನ್ನೂ ಸ್ವಲ್ಪ ನೋಡೋಣ.

ಫೈರ್‌ವಾಲ್ ಒಂದು ನಿಮ್ಮ ರಿಕ್ವೆಸ್ಟನ್ನು ಸದ್ದಿಲ್ಲದೆ ನುಂಗಿಹಾಕುತ್ತಿದೆ ಎಂದುಕೊಳ್ಳಿ. ಆಗ ಕನೆಕ್ಷನ್ ಕೂಡುವುದೇ ಇಲ್ಲ. ವಿಂಡೋಸ್ ಸುಮಾರು 21 ಸೆಕೆಂಡ್ ಪ್ರಯತ್ನಿಸಿ ಬಿಟ್ಟುಬಿಡುತ್ತದೆ. ಮ್ಯಾಕ್ 75 ಸೆಕೆಂಡ್ ಪ್ರಯತ್ನಿಸುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಮೊದಲ ಪ್ರಯತ್ನದ ನಂತರ ಆರು ಸಲ ಮತ್ತೆ ಪ್ರಯತ್ನಿಸುತ್ತದೆ. ಪ್ರತಿ ಸಲವೂ ಕಾಯುವ ಹೊತ್ತು ಇಮ್ಮಡಿಯಾಗುತ್ತದೆ: 1, 2, 4, 8, 16, 32, 64. ಒಟ್ಟು 127 ಸೆಕೆಂಡ್. ಇದರ ಮೇಲೆ ಬ್ರೌಸರ್‌ನ ಸ್ವಂತ ಗಡುವೂ ಇರುತ್ತದೆ. ಕನೆಕ್ಷನ್‌ಗಾಗಿ ಫೈರ್‌ಫಾಕ್ಸ್ 90 ಸೆಕೆಂಡ್ ಕಾಯುತ್ತದೆ, ಕ್ರೋಮ್ 4 ನಿಮಿಷ. ಯಾವ ಗಡುವು ಮೊದಲು ಮುಗಿಯುತ್ತದೋ ಅದರದೇ ಕೊನೆಯ ಮಾತು. ಹಾಗಾಗಿ ವಿಂಡೋಸ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ದೋಷ ತೋರಿಸುತ್ತವೆ, ಏಕೆಂದರೆ ಅಲ್ಲಿ ಕೈಬಿಟ್ಟಿದ್ದು ವಿಂಡೋಸ್. ಲಿನಕ್ಸ್‌ನಲ್ಲಾದರೆ ಫೈರ್‌ಫಾಕ್ಸ್ ಒಂದೂವರೆ ನಿಮಿಷಕ್ಕೆ ಸೋಲುತ್ತದೆ, ಕ್ರೋಮ್ ಎರಡು ನಿಮಿಷ ದಾಟುತ್ತದೆ. ಒಬ್ಬರು ವಿಂಡೋಸ್ ಕ್ರೋಮ್‌ನಲ್ಲಿ, ಇನ್ನೊಬ್ಬರು ಲಿನಕ್ಸ್ ಫೈರ್‌ಫಾಕ್ಸ್‌ನಲ್ಲಿ ನೋಡಿ "ಕ್ರೋಮ್ ಬೇಗ ಕೈಬಿಡುತ್ತದೆ" ಎಂದರೆ ಆ ತೀರ್ಮಾನ ತಪ್ಪು. ಹೋಲಿಕೆ ಮಾಡುವಾಗ ಒಂದೇ ಯಂತ್ರ, ಒಂದೇ ನೆಟ್‌ವರ್ಕ್ ಇರಲೇಬೇಕು.

ಇನ್ನೊಂದು ಎಚ್ಚರಿಕೆ. ಕ್ರೋಮ್, ಎಡ್ಜ್, ಬ್ರೇವ್, ಒಪೇರಾ ಇವೆಲ್ಲ ಕ್ರೋಮಿಯಂ ಎಂಬ ಒಂದೇ ಬುನಾದಿಯ ಮೇಲೆ ನಿಂತವು. ನಾಲ್ಕರಲ್ಲಿ ಪರೀಕ್ಷಿಸಿದರೂ ನೆಟ್‌ವರ್ಕ್ ವಿಷಯದಲ್ಲಿ ಬಹುಮಟ್ಟಿಗೆ ಒಂದನ್ನೇ ಪರೀಕ್ಷಿಸಿದಂತೆ. ನಮ್ಮಲ್ಲಿ ಸಿಗುವ ಐಫೋನ್‌ನಲ್ಲಿ ಇದಕ್ಕೆ ತಿರುಗುಮುರುಗು: ಅಲ್ಲಿನ ಕ್ರೋಮ್ ಕೂಡ ಒಳಗೆ ಬಳಸುವುದು ಸಫಾರಿಯ ಬುನಾದಿಯಾದ ಆಪಲ್‌ನ ವೆಬ್‌ಕಿಟ್ಟನ್ನೇ. ನಿಜವಾದ ಹೋಲಿಕೆ ಬೇಕೆಂದರೆ ಕ್ರೋಮಿಯಂ ಬಳಗದ್ದೊಂದು, ಫೈರ್‌ಫಾಕ್ಸ್ ಒಂದು, ಆಪಲ್‌ನ ಸಫಾರಿ ಒಂದು ಸಾಕು. ಆ ಲೆಕ್ಕದಲ್ಲಿ ನಿಮ್ಮ ಆಯ್ಕೆ ಸರಿಯಾಗಿದೆ.

ಸಫಾರಿಯ ಒಂದು ನಿಮಿಷ

ಈಗ ನಿಮ್ಮ ಮೂರು ಲಕ್ಷಣಗಳಿಗೆ ಬರೋಣ. ಸಫಾರಿ ಸರಿಯಾಗಿ ಒಂದು ನಿಮಿಷಕ್ಕೆ ನಿಲ್ಲಿಸುವುದು ದೊಡ್ಡ ಸುಳಿವು. ಟೈಮ್‌ಔಟ್ ಹುಡುಕಾಟದಲ್ಲಿ ದುಂಡಗಿನ ಸಂಖ್ಯೆ ಕಂಡರೆ ಅಲ್ಲಿ ಯಾರೋ ಬರೆದಿಟ್ಟ ಗಡುವು ಇದೆ ಎಂದೇ ಅರ್ಥ. ನೆಟ್‌ವರ್ಕ್ ಕೆಟ್ಟು ಕನೆಕ್ಷನ್ ಹೋದರೆ ಒಮ್ಮೆ 37 ಸೆಕೆಂಡಿಗೆ, ಇನ್ನೊಮ್ಮೆ 52 ಸೆಕೆಂಡಿಗೆ ಹೋಗುತ್ತದೆ. ಪ್ರತಿ ಸಲವೂ 60ಕ್ಕೇ ಹೋಗುವುದಿಲ್ಲ.

ಆದರೆ 60 ಎಂಬುದು ಹಲವರ ಸಂಖ್ಯೆ. ಆಪಲ್‌ನ ನೆಟ್‌ವರ್ಕ್ ತಂತ್ರಾಂಶದಲ್ಲಿ ಒಂದು ರಿಕ್ವೆಸ್ಟ್‌ಗೆ ಮೊದಲೇ ನಿಗದಿಯಾದ ಗಡುವು 60 ಸೆಕೆಂಡ್. ಒಂದಿಷ್ಟು ಡೇಟಾ ಬಂದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಏನೂ ಬಾರದಿದ್ದರೆ ಮಾತ್ರ ಗಡುವು ಮುಗಿಯುತ್ತದೆ. ಎಂಜಿನ್‌ಎಕ್ಸ್ ತನ್ನ ಹಿಂದಿನ ಅಪ್ಲಿಕೇಶನ್‌ಗೆ ಕಾಯುವ ಅವಧಿಯೂ ಮೂಲದಲ್ಲಿ 60 ಸೆಕೆಂಡ್. ಅಪಾಚೆ ಸರ್ವರ್‌ನ 2.4ನೇ ಆವೃತ್ತಿಯದ್ದೂ 60. ಅಮೆಜಾನ್ ಕ್ಲೌಡ್‌ನಲ್ಲಿ ಸರ್ವರ್ ಇಟ್ಟವರ ಮುಂದೆ ನಿಲ್ಲುವ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ಸದ್ದಿಲ್ಲದ ಕನೆಕ್ಷನ್ ಮುಚ್ಚುವುದೂ 60 ಸೆಕೆಂಡಿಗೇ. ಹಾಗಾದರೆ ನಿಮ್ಮ ಮ್ಯಾಕ್‌ನಲ್ಲಿ ನಿಲ್ಲಿಸಿದ್ದು ಯಾರ ಅರವತ್ತು?

ಇದನ್ನು ತಿಳಿಯಲು ಪರದೆಯನ್ನೂ ಸರ್ವರ್‌ನ ಲಾಗನ್ನೂ ಜೊತೆಜೊತೆಯಾಗಿ ನೋಡಬೇಕು. ಗಡುವು ಮುಗಿದದ್ದು ಎಂಜಿನ್‌ಎಕ್ಸ್‌ನದ್ದಾದರೆ ಬ್ರೌಸರ್‌ಗೆ 504 ಎಂಬ ಸಂಖ್ಯೆಯೊಂದಿಗೆ "ಗೇಟ್‌ವೇ ಟೈಮ್‌ಔಟ್" ಎಂಬ ಪುಟ ಬರುತ್ತದೆ. ಲಾಗ್‌ನಲ್ಲೂ 504 ಇರುತ್ತದೆ. ಅದು ಒಂದು ಉತ್ತರವೇ. ಕೆಟ್ಟ ಸುದ್ದಿಯಾದರೂ ಸರ್ವರ್ ಕಡೆಯಿಂದ ಬಂದದ್ದು. ಗಡುವು ಮುಗಿದದ್ದು ಬ್ರೌಸರ್‌ನದ್ದಾದರೆ ಪರದೆಯ ಮೇಲೆ ಯಾವ ಸಂಖ್ಯೆಯೂ ಇರುವುದಿಲ್ಲ. ಸರ್ವರ್ ಪ್ರತಿಕ್ರಿಯಿಸುತ್ತಿಲ್ಲ ಎಂಬ ಅರ್ಥದ ಬ್ರೌಸರ್‌ನದೇ ಪುಟ ಕಾಣುತ್ತದೆ. ಅದೇ ಹೊತ್ತಿಗೆ ಎಂಜಿನ್‌ಎಕ್ಸ್ ಲಾಗ್‌ನಲ್ಲಿ 499 ಎಂಬ ಸಂಖ್ಯೆ ದಾಖಲಾಗುತ್ತದೆ. ಈ 499 ಎಚ್‌ಟಿಟಿಪಿ ನಿಯಮಾವಳಿಯಲ್ಲಿ ಇಲ್ಲ. "ನಾನು ಉತ್ತರ ಕೊಡುವ ಮೊದಲೇ ಕೇಳಿದವರು ಎದ್ದು ಹೋದರು" ಎಂದು ಗುರುತು ಹಾಕಿಕೊಳ್ಳಲು ಎಂಜಿನ್‌ಎಕ್ಸ್ ಇಟ್ಟುಕೊಂಡಿರುವ ಸಂಖ್ಯೆ ಅದು. ನೀವು ಎಂಜಿನ್‌ಎಕ್ಸ್ ಗಡುವನ್ನು ಹತ್ತು ನಿಮಿಷಕ್ಕೆ ಏರಿಸಿದ್ದೀರಿ, ಕ್ರೋಮ್‌ಗೆ ಏಳೆಂಟು ನಿಮಿಷದಲ್ಲಿ ವರದಿ ಬರುತ್ತಿದೆ. ಅಂದ ಮೇಲೆ ಸರ್ವರ್ ಕಡೆಯ ಅರವತ್ತು ಉಳಿದಿಲ್ಲ. ಕಾರ್ಯದರ್ಶಿಯವರ ಮ್ಯಾಕ್‌ನಿಂದ ಹೋದ ರಿಕ್ವೆಸ್ಟ್‌ನ ಎದುರು ಲಾಗ್‌ನಲ್ಲಿ 499 ಇದ್ದರೆ ಕೈಬಿಟ್ಟದ್ದು ಸಫಾರಿ ಎಂಬುದು ಖಚಿತ. ಸಫಾರಿಯ ಸೆಟ್ಟಿಂಗ್ಸ್‌ನಲ್ಲಿ ಈ ಗಡುವನ್ನು ಬದಲಿಸುವ ಅವಕಾಶವಿಲ್ಲ.

ಫೈರ್‌ಫಾಕ್ಸ್ ಏಕೆ ಸುತ್ತುತ್ತಲೇ ಇರುತ್ತದೆ?

ಮೂರರಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೆ, ಏಕೆಂದರೆ ಇಲ್ಲಿ ಕೈಬಿಟ್ಟವರು ಫೈರ್‌ಫಾಕ್ಸ್ ಆಗಿರದೆ ನಡುದಾರಿಯವರಾಗಿರುವ ಸಂಭವ ಹೆಚ್ಚು. ಕಚೇರಿಯ ಎಲ್ಲ ಕಂಪ್ಯೂಟರ್‌ಗಳೂ ಒಂದೇ ಹೊರ ವಿಳಾಸವನ್ನು ಹಂಚಿಕೊಂಡು ಇಂಟರ್ನೆಟ್‌ಗೆ ಹೋಗುತ್ತವೆ. ಯಾವ ಕನೆಕ್ಷನ್ ಯಾವ ಕಂಪ್ಯೂಟರಿನದ್ದು ಎಂಬ ಪಟ್ಟಿಯನ್ನು ರೂಟರ್ ಅಥವಾ ಫೈರ್‌ವಾಲ್ ಇಟ್ಟುಕೊಂಡಿರುತ್ತದೆ. ಆ ಪಟ್ಟಿಗೂ ಒಂದು ಮಿತಿ ಇದೆ. ಕೆಲವು ನಿಮಿಷ ಸದ್ದಿಲ್ಲದೆ ಕುಳಿತ ಕನೆಕ್ಷನ್ನಿನ ಹೆಸರನ್ನು ಅದು ಅಳಿಸಿಹಾಕುತ್ತದೆ. ಈ ಅವಧಿ ಕನಿಷ್ಠ 2 ಗಂಟೆ 4 ನಿಮಿಷ ಇರಬೇಕೆಂದು 2008ರ ಇಂಟರ್ನೆಟ್ ಮಾನದಂಡವೊಂದು ಹೇಳುತ್ತದೆ. ಪಾಲಿಸದ ಉಪಕರಣಗಳು ಬೇಕಾದಷ್ಟಿವೆ. ಅಮೆಜಾನ್ ಕ್ಲೌಡ್‌ನ ಇಂಥ ಗೇಟ್‌ವೇ 350 ಸೆಕೆಂಡಿಗೇ ಅಳಿಸುತ್ತದೆ. ಕಚೇರಿಗಳಲ್ಲಿರುವ ಸಣ್ಣ ರೂಟರ್‌ಗಳಲ್ಲಿ ಇನ್ನೂ ಕಡಿಮೆ ಇರಬಹುದು. ಹೆಸರು ಅಳಿಸಿದ ಸಂಗತಿಯನ್ನು ಅದು ಎಷ್ಟೋ ಸಲ ಎರಡೂ ತುದಿಗಳಿಗೆ ತಿಳಿಸುವುದೂ ಇಲ್ಲ. ಸರ್ವರ್ ಕಷ್ಟಪಟ್ಟು ವರದಿ ತಯಾರಿಸಿ ಕಳಿಸುತ್ತದೆ, ಅದು ನಿಮ್ಮ ರೂಟರ್‌ವರೆಗೆ ಬಂದು ವಿಳಾಸ ಸಿಗದೆ ಅಲ್ಲಿಯೇ ನಷ್ಟವಾಗುತ್ತದೆ. ಇತ್ತ ಬ್ರೌಸರ್ ಏನೂ ಅರಿಯದೆ ಚಕ್ರ ತಿರುಗಿಸುತ್ತಿರುತ್ತದೆ.

ಹಾಗಾದರೆ ಅದೇ ರೂಟರ್‌ನ ಮೂಲಕ ಕ್ರೋಮ್‌ಗೆ ಹೇಗೆ ಬಂತು? ಕ್ರೋಮ್ ತನ್ನ ಕನೆಕ್ಷನ್ 45 ಸೆಕೆಂಡ್ ಸುಮ್ಮನಿದ್ದರೆ "ಇದ್ದೀಯಾ?" ಎಂದು ಕೇಳುವ ಪುಟ್ಟ ಪ್ಯಾಕೆಟ್ ಕಳಿಸುತ್ತದೆ. ಇದಕ್ಕೆ ಟಿಸಿಪಿ ಕೀಪ್‌ಅಲೈವ್ ಎನ್ನುತ್ತಾರೆ. ಈ ಪ್ಯಾಕೆಟ್ ಹಾದುಹೋದಾಗಲೆಲ್ಲ ರೂಟರ್‌ನ ಪಟ್ಟಿಯಲ್ಲಿ ಆ ಕನೆಕ್ಷನ್ ಹೊಸದಾಗಿ ಜೀವ ಪಡೆಯುತ್ತದೆ. ಫೈರ್‌ಫಾಕ್ಸ್‌ನ ಕ್ರಮ ಬೇರೆ. ಕನೆಕ್ಷನ್ ಶುರುವಾದ ಮೊದಲ 60 ಸೆಕೆಂಡ್‌ನಲ್ಲಿ ಅದು 10 ಸೆಕೆಂಡ್ ಮೌನವಾದರೂ ಕೇಳುತ್ತದೆ. ಆ ಮೇಲೆ 600 ಸೆಕೆಂಡ್, ಅಂದರೆ ಹತ್ತು ನಿಮಿಷ ಮೌನವಾಗಿದ್ದರೆ ಮಾತ್ರ ಕೇಳುತ್ತದೆ. ನಿಮ್ಮ ರೂಟರ್ ಐದು ನಿಮಿಷಕ್ಕೆ ಹೆಸರು ಅಳಿಸುವಂಥದ್ದಾದರೆ, ಕ್ರೋಮ್‌ನ ಕನೆಕ್ಷನ್ ಉಳಿಯುತ್ತದೆ, ಫೈರ್‌ಫಾಕ್ಸ್‌ನದ್ದು ಸಾಯುತ್ತದೆ. ನೀವು ಕಂಡದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಹಳೆಯ ಎಚ್‌ಟಿಟಿಪಿ 1.1ರಲ್ಲಿ ನಡೆಯುವ ಅಪ್ಲಿಕೇಶನ್‌ಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಎಚ್‌ಟಿಟಿಪಿ 2 ಆದರೆ ಫೈರ್‌ಫಾಕ್ಸ್ ತಾನೇ ಆಗಾಗ ಪಿಂಗ್ ಕಳಿಸಿ ಕನೆಕ್ಷನ್ನನ್ನು ಎಚ್ಚರವಾಗಿಡುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಫೈರ್‌ಫಾಕ್ಸ್ ಇರುವ ಅದೇ ಕಂಪ್ಯೂಟರನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ವರದಿ ತೆಗೆದು ನೋಡಿ. ಫಲಿತಾಂಶ ಬದಲಾದರೆ ಬೆರಳು ತೋರಿಸಬೇಕಾದದ್ದು ಕಚೇರಿಯ ನೆಟ್‌ವರ್ಕ್ ಕಡೆಗೆ. ಬದಲಾಗದಿದ್ದರೆ ಅಲ್ಲಿಗೇ ಬಿಡಬೇಡಿ, ಮೊಬೈಲ್ ಕಂಪನಿಗಳ ಜಾಲದಲ್ಲೂ ಇಂಥ ಪಟ್ಟಿಗಳಿರುತ್ತವೆ. ಆಗ ಎಂಜಿನ್‌ಎಕ್ಸ್ ಲಾಗ್ ನೋಡಿ. ಬ್ರೌಸರ್‌ಗೆ ಏನೂ ಬಾರದಿದ್ದರೂ ಲಾಗ್‌ನಲ್ಲಿ 200 ಎಂದಿದ್ದರೆ, ಸರ್ವರ್ ತನ್ನ ಪಾಲಿನ ಕೆಲಸ ಮುಗಿಸಿ ವರದಿಯನ್ನು ದಾರಿಗೆ ಹಾಕಿದೆ, ಅದು ನಡುವೆ ಕಳೆದುಹೋಗಿದೆ ಎಂದರ್ಥ. ತಾತ್ಕಾಲಿಕ ಪರಿಹಾರವನ್ನು ಸರ್ವರ್‌ನಲ್ಲೇ ಮಾಡಬಹುದು. ಎಂಜಿನ್‌ಎಕ್ಸ್‌ನ ಲಿಸನ್ ಸಾಲಿನಲ್ಲಿ ಕೀಪ್‌ಅಲೈವ್ ಆಯ್ಕೆ ಇದೆ. ಅದನ್ನು ಒಂದು ನಿಮಿಷಕ್ಕೆ ಇಟ್ಟರೆ ಸರ್ವರ್ ಕಡೆಯಿಂದಲೇ ಆ ಪುಟ್ಟ ಪ್ಯಾಕೆಟ್‌ಗಳು ಹೋಗುತ್ತವೆ, ಬ್ರೌಸರ್ ಯಾವುದೇ ಇರಲಿ ಕನೆಕ್ಷನ್ ಉಳಿಯುತ್ತದೆ. ಆದರೆ ಸಫಾರಿಗೆ ಇದರಿಂದ ಪ್ರಯೋಜನವಿಲ್ಲ, ಅದು ಎಣಿಸುವುದು ನಿಜವಾದ ಡೇಟಾವನ್ನು ಮಾತ್ರ. ನಡುವೆ ನಿಂತು ರಿಕ್ವೆಸ್ಟ್ ಓದಿ ಮುಂದೆ ಸಾಗಿಸುವ ಲೋಡ್ ಬ್ಯಾಲೆನ್ಸರ್‌ಗಳೂ ಕೀಪ್‌ಅಲೈವ್ ಪ್ಯಾಕೆಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಫೈರ್‌ಫಾಕ್ಸ್‌ನ ಅಬೌಟ್ ಕಾನ್ಫಿಗ್ ಪುಟದಲ್ಲಿ ಇಂಥ ಎಷ್ಟೋ ಸಂಖ್ಯೆಗಳನ್ನು ಬದಲಿಸಬಹುದು. ಪ್ರಯೋಗಕ್ಕೆ ಬದಲಿಸಿ ನೋಡುವುದು ಒಳ್ಳೆಯದೇ, ರೋಗ ಪತ್ತೆಗೆ ಅದು ನೆರವಾಗುತ್ತದೆ. ಆದರೆ ಕಚೇರಿಯ ಪ್ರತಿ ಕಂಪ್ಯೂಟರಿನಲ್ಲೂ ಅದನ್ನೇ ಪರಿಹಾರವೆಂದು ಮಾಡಿಡಬೇಡಿ. ಹೊಸ ಕಂಪ್ಯೂಟರ್ ಬಂದಾಗ ಯಾರಿಗೂ ನೆನಪಿರುವುದಿಲ್ಲ.

ಎರಡು ಸಲ ಏಕೆ ತಯಾರಾಯಿತು?

ಇದಕ್ಕೆ ಎರಡು ಕಾರಣ ಇರಬಹುದು. ಮೊದಲನೆಯದು ಮನುಷ್ಯ ಸಹಜವಾದದ್ದು: ಚಕ್ರ ತಿರುಗುವುದನ್ನು ನೋಡಿ ಬೇಸತ್ತವರು ರಿಫ್ರೆಶ್ ಒತ್ತುತ್ತಾರೆ. ಬ್ರೌಸರ್ ಹಳೆಯ ರಿಕ್ವೆಸ್ಟನ್ನು ಕೈಬಿಟ್ಟು ಹೊಸದನ್ನು ಕಳಿಸುತ್ತದೆ. ಆದರೆ ಬ್ರೌಸರ್ ಕೈಬಿಟ್ಟ ಮಾತ್ರಕ್ಕೆ ಡೇಟಾಬೇಸ್‌ನಲ್ಲಿ ಶುರುವಾದ ಹುಡುಕಾಟ ನಿಲ್ಲುತ್ತದೆ ಎಂದೇನಿಲ್ಲ. ಹೆಚ್ಚಿನ ಅಪ್ಲಿಕೇಶನ್‌ಗಳಲ್ಲಿ ಅದು ಕೊನೆಯವರೆಗೂ ನಡೆಯುತ್ತದೆ. ಮೂರು ಜನ ಎರಡೆರಡು ಸಲ ರಿಫ್ರೆಶ್ ಒತ್ತಿದರೆ, ಮೊದಲು ಕೇಳಿದ್ದೂ ಸೇರಿ ಒಂಬತ್ತು ವರದಿಗಳು ಒಟ್ಟಿಗೆ ತಯಾರಾಗುತ್ತಿರುತ್ತವೆ. ಏಳು ನಿಮಿಷದ ಕೆಲಸಕ್ಕೆ ಎಷ್ಟೋ ಪಟ್ಟು ಹೊತ್ತು ಬೇಕಾಗುತ್ತದೆ, ಆಗ ಕ್ರೋಮ್‌ನಲ್ಲೂ ಬರುವುದಿಲ್ಲ.

ಎರಡನೆಯ ಕಾರಣ ಹೆಚ್ಚಿನವರಿಗೆ ಗೊತ್ತಿಲ್ಲ. ಬ್ರೌಸರ್ ತಾನಾಗಿಯೇ ರಿಕ್ವೆಸ್ಟನ್ನು ಇನ್ನೊಮ್ಮೆ ಕಳಿಸಬಲ್ಲದು. ಮೊದಲು ಬಳಸಿದ ಕನೆಕ್ಷನ್ನನ್ನೇ ಬ್ರೌಸರ್‌ಗಳು ಮತ್ತೆ ಬಳಸುತ್ತವೆ. ಹಾಗೆ ಬಳಸಿದ ಕನೆಕ್ಷನ್ ಉತ್ತರದ ಒಂದಕ್ಷರವೂ ಬರುವ ಮೊದಲೇ ಮುರಿದುಬಿದ್ದರೆ, "ಇದು ಹಳಸಿದ ಕನೆಕ್ಷನ್ ಇದ್ದಿರಬೇಕು, ಸರ್ವರ್‌ಗೆ ರಿಕ್ವೆಸ್ಟ್ ತಲುಪಿರಲಾರದು" ಎಂದು ಊಹಿಸಿ ಹೊಸ ಕನೆಕ್ಷನ್‌ನಲ್ಲಿ ಅದನ್ನೇ ಕಳಿಸುತ್ತವೆ. ಬಹುಪಾಲು ಸಲ ಈ ಊಹೆ ಸರಿ, ಅದರಿಂದಾಗಿಯೇ ಎಷ್ಟೋ ದೋಷಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಸರ್ವರ್ ರಿಕ್ವೆಸ್ಟ್ ತೆಗೆದುಕೊಂಡು ನಾಲ್ಕು ನಿಮಿಷ ದುಡಿದ ಮೇಲೆ ನಡುವಿನವರಾರೋ ಕನೆಕ್ಷನ್ ಕತ್ತರಿಸಿದರೆ ಅದೇ ಊಹೆ ತಪ್ಪಾಗುತ್ತದೆ, ಕೆಲಸ ಎರಡನೆಯ ಸಲ ಶುರುವಾಗುತ್ತದೆ. ಮತ್ತೆ ಮಾಡಿದರೆ ಪರಿಣಾಮ ಬದಲಾಗುವಂಥ ರಿಕ್ವೆಸ್ಟನ್ನು, ಅದು ತಲುಪಿಲ್ಲವೆಂದು ಖಚಿತವಾಗದ ಹೊರತು, ತಾನಾಗಿ ಮತ್ತೆ ಕಳಿಸಬಾರದು ಎಂದು ಎಚ್‌ಟಿಟಿಪಿ ನಿಯಮಾವಳಿ ಎಚ್ಚರಿಸುತ್ತದೆ. ಆದರೂ ಆ ಎಚ್ಚರಿಕೆಯೊಂದನ್ನೇ ನಂಬಿ ಅಪ್ಲಿಕೇಶನ್ ಬರೆಯುವುದು ಅಪಾಯ. ಸಾಲದ ಕಂತು ಜಮಾ ಮಾಡುವ, ಶುಲ್ಕ ಕಟ್ಟುವ, ಅರ್ಜಿ ಸಲ್ಲಿಸುವ ಪ್ರತಿ ರಿಕ್ವೆಸ್ಟ್‌ಗೂ ಒಂದು ವಿಶಿಷ್ಟ ಸಂಖ್ಯೆ ಕೊಡಿ. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಹೊಸದಾಗಿ ಜಮಾ ಮಾಡದೆ ಮೊದಲಿನ ಉತ್ತರವನ್ನೇ ಕೊಡಬೇಕು. ಒಬ್ಬ ಸದಸ್ಯರ ಕಂತು ಎರಡು ಸಲ ಕಡಿತವಾಗಿ, ಅವರು ಕಚೇರಿಗೆ ಅಲೆಯುವಂತಾಗುವುದನ್ನು ತಪ್ಪಿಸಲು ಇದಕ್ಕಿಂತ ಗಟ್ಟಿಯಾದ ದಾರಿ ಇಲ್ಲ.

ಪರೀಕ್ಷೆಯಲ್ಲೂ ಕ್ರೋಮ್‌ನದೊಂದು ನಡವಳಿಕೆ ದಾರಿ ತಪ್ಪಿಸುತ್ತದೆ. ಒಂದೇ ವಿಳಾಸವನ್ನು ಎರಡು ಟ್ಯಾಬ್‌ಗಳಲ್ಲಿ ಒಟ್ಟಿಗೆ ತೆರೆದರೆ, ಮೊದಲನೆಯದರ ಉತ್ತರ ಬಂದರೆ ಎರಡನೆಯದಕ್ಕೂ ಅದನ್ನೇ ಕೊಡಬಹುದೆಂದು ಕ್ರೋಮ್ ಎರಡನೆಯದನ್ನು 20 ಸೆಕೆಂಡ್‌ವರೆಗೆ ತಡೆದು ನಿಲ್ಲಿಸುತ್ತದೆ. ಅದನ್ನು ನೋಡಿ "ಸರ್ವರ್ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಉತ್ತರಿಸುತ್ತಿದೆ" ಎಂದುಕೊಂಡು ಸರ್ವರ್ ಬಿಚ್ಚಲು ಕೂತವರಿದ್ದಾರೆ. ಎಚ್‌ಟಿಟಿಪಿ 1.1ರಲ್ಲಿ ಒಂದು ಸರ್ವರ್‌ಗೆ ಒಮ್ಮೆಗೆ 6 ಕನೆಕ್ಷನ್ ಮಾತ್ರ ಎಂಬ ಮಿತಿಯನ್ನೂ ಕ್ರೋಮ್, ಫೈರ್‌ಫಾಕ್ಸ್ ಎರಡೂ ಪಾಲಿಸುತ್ತವೆ. ಆರು ವರದಿ ಕೇಳಿ ಕೂತರೆ ಏಳನೆಯ ಕ್ಲಿಕ್, ಅದು ಎಷ್ಟೇ ಸಣ್ಣದಾದರೂ, ಬ್ರೌಸರ್‌ನ ಒಳಗೇ ಸರತಿಯಲ್ಲಿ ನಿಲ್ಲುತ್ತದೆ.

ಹುಡುಕುವ ಕ್ರಮ

ಕ್ರೋಮ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಪಟ್ಟಿ ತೆರೆಯಿರಿ, "ಪ್ರಿಸರ್ವ್ ಲಾಗ್" ಗುರುತು ಹಾಕಿ, ವರದಿ ಕೇಳಿ. ಆ ಸಾಲಿನ ಮೇಲೆ ಕ್ಲಿಕ್ ಮಾಡಿ ಟೈಮಿಂಗ್ ವಿಭಾಗ ನೋಡಿದರೆ ಹೊತ್ತು ಎಲ್ಲಿ ಹೋಯಿತೆಂದು ಬಣ್ಣದ ಪಟ್ಟಿಗಳಲ್ಲಿ ಬರೆದಿರುತ್ತದೆ. "ಸ್ಟಾಲ್ಡ್" ಉದ್ದವಾಗಿದ್ದರೆ ರಿಕ್ವೆಸ್ಟ್ ಇನ್ನೂ ಬ್ರೌಸರ್ ಬಿಟ್ಟೇ ಹೊರಟಿಲ್ಲ, ಸರ್ವರನ್ನು ದೂರಬೇಡಿ. "ಡಿಎನ್‌ಎಸ್ ಲುಕ್‌ಅಪ್" ಉದ್ದವಾಗಿದ್ದರೆ ಹೆಸರಿನಿಂದ ವಿಳಾಸ ಹುಡುಕುವಲ್ಲಿ ತೊಂದರೆ. "ಇನಿಶಿಯಲ್ ಕನೆಕ್ಷನ್" ಉದ್ದವಾಗಿದ್ದರೆ ದಾರಿ ಅಥವಾ ಫೈರ್‌ವಾಲ್. "ವೇಟಿಂಗ್ ಫಾರ್ ಸರ್ವರ್ ರೆಸ್ಪಾನ್ಸ್" ಉದ್ದವಾಗಿದ್ದರೆ ಅಪ್ಲಿಕೇಶನ್ ಯೋಚಿಸುತ್ತಿದೆ. ನಿಮ್ಮ ವರದಿಯಲ್ಲಿ ಆ ಹಸಿರು ಪಟ್ಟಿಯೇ ಏಳು ನಿಮಿಷದ ಉದ್ದಕ್ಕೂ ಹಬ್ಬಿರುತ್ತದೆ. ಫೈರ್‌ಫಾಕ್ಸ್‌ನಲ್ಲಿಯೂ ಎಫ್12ರಲ್ಲೇ ಇಂಥದೇ ವಿಭಾಗವಿದೆ. ಸಫಾರಿಯಲ್ಲಿ ಮೊದಲು ಡೆವಲಪ್ ಮೆನು ಕಾಣುವಂತೆ ಸೆಟ್ಟಿಂಗ್ ಬದಲಿಸಿಕೊಳ್ಳಬೇಕು.

ಮೂರರಲ್ಲೂ ನೋಡಿ ಒಂದು ಕಾಗದದ ಮೇಲೆ ನಾಲ್ಕು ಸಂಗತಿ ಬರೆದುಕೊಳ್ಳಿ: ಯಾವ ಯಂತ್ರ ಮತ್ತು ಬ್ರೌಸರ್, ಎಷ್ಟನೇ ಸೆಕೆಂಡಿಗೆ ನಿಂತಿತು, ಪರದೆಯ ಮೇಲಿನ ದೋಷದ ಸರಿಯಾದ ಪದಗಳು, ಅದೇ ಹೊತ್ತಿಗೆ ಸರ್ವರ್ ಲಾಗ್‌ನಲ್ಲಿ ಬಿದ್ದ ಸಂಖ್ಯೆ. "ಬರಲಿಲ್ಲ", "ಹ್ಯಾಂಗ್ ಆಯಿತು" ಎಂಬ ಮಾತಿನಿಂದ ಯಾರೂ ಏನನ್ನೂ ಪತ್ತೆ ಮಾಡಲಾರರು. ಈ ನಾಲ್ಕು ಸಂಗತಿಗಳಿದ್ದರೆ ದೂರದಲ್ಲಿರುವ ಸಾಫ್ಟ್‌ವೇರ್ ಕಂಪನಿಯವರೂ ನಿಮ್ಮ ಮಾತನ್ನು ತಳ್ಳಿಹಾಕಲಾರರು.

ಆ ಮೇಲೆ ಒಂದೊಂದನ್ನೇ ಬದಲಿಸುತ್ತ ಹೋಗಿ. ಎಕ್ಸ್‌ಟೆನ್ಶನ್‌ಗಳನ್ನು ನಿಲ್ಲಿಸಿ, ಅಥವಾ ಖಾಸಗಿ ವಿಂಡೋದಲ್ಲಿ ನೋಡಿ. ಫೈರ್‌ಫಾಕ್ಸ್‌ಗೆ ತನ್ನದೇ ಪ್ರಾಕ್ಸಿ ಮತ್ತು ಡಿಎನ್‌ಎಸ್ ಸೆಟ್ಟಿಂಗ್ ಇರಬಹುದಾದ್ದರಿಂದ ಅದನ್ನೂ ಪರಿಶೀಲಿಸಿ. ಎಚ್‌ಟಿಟಿಪಿಎಸ್ ಒಳಗೆ ಇಣುಕುವ ಆ್ಯಂಟಿವೈರಸ್ ಇದ್ದರೆ ಸ್ವಲ್ಪ ಹೊತ್ತು ಅದರ ಆ ಕೆಲಸವನ್ನಷ್ಟೇ ನಿಲ್ಲಿಸಿ. ಕೊನೆಗೆ ಬ್ರೌಸರನ್ನೇ ಬಿಟ್ಟು ನೋಡಿ. ನೆಟ್‌ವರ್ಕ್ ಪಟ್ಟಿಯಲ್ಲಿ ರಿಕ್ವೆಸ್ಟ್‌ನ ಮೇಲೆ ಬಲ ಕ್ಲಿಕ್ ಮಾಡಿದರೆ "ಕಾಪಿ ಆ್ಯಸ್ ಕರ್ಲ್" ಸಿಗುತ್ತದೆ. ಆ ಆದೇಶವನ್ನು ಟರ್ಮಿನಲ್‌ನಲ್ಲಿ ಅಂಟಿಸಿದರೆ ಅದೇ ರಿಕ್ವೆಸ್ಟ್ ಬ್ರೌಸರ್ ಇಲ್ಲದೆಯೇ ಹೋಗುತ್ತದೆ. ಅದರೊಳಗೆ ನಿಮ್ಮ ಲಾಗಿನ್‌ನ ಗುಟ್ಟಿನ ಕುಕಿ ಇರುವುದರಿಂದ ಯಾರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ. ಸರ್ವರ್‌ನ ಒಳಗಿನಿಂದಲೇ ಅದನ್ನು ಓಡಿಸಿ ಯಶಸ್ವಿಯಾದರೆ, ಕಚೇರಿಯಿಂದ ಓಡಿಸಿದಾಗ ಸೋತರೆ, ಕೈಬಿಟ್ಟವರು ನಡುದಾರಿಯಲ್ಲಿದ್ದಾರೆ. ಎರಡೂ ಕಡೆ ಸೋತರೆ ತೊಂದರೆ ಸರ್ವರ್‌ನಲ್ಲೇ ಇದೆ.

ಶಾಶ್ವತ ಪರಿಹಾರ

ಇಷ್ಟೆಲ್ಲ ಪತ್ತೆಯಾದ ಮೇಲೆ ಪ್ರತಿಯೊಬ್ಬರ ಗಡುವನ್ನೂ ಹತ್ತು ನಿಮಿಷಕ್ಕೆ ಎಳೆಯುವುದು ದಾರಿಯಲ್ಲ. ನಿಮ್ಮ ಕೈಗೆ ಸಿಗದ ಗಡುವುಗಳೇ ಹೆಚ್ಚು, ಸಫಾರಿಯದ್ದಂತೂ ಸಿಗುವುದೇ ಇಲ್ಲ. ವರದಿ ಕೇಳುವುದನ್ನೂ ವರದಿ ಪಡೆಯುವುದನ್ನೂ ಬೇರೆ ಮಾಡಿ. ಬಳಕೆದಾರರು ಗುಂಡಿ ಒತ್ತಿದಾಗ ಸರ್ವರ್ ಕ್ಷಣದಲ್ಲೇ "ನಿಮ್ಮ ಕೋರಿಕೆ ಸ್ವೀಕರಿಸಿದ್ದೇನೆ" ಎಂದು ಉತ್ತರಿಸಲಿ. ಇದಕ್ಕೆಂದೇ ಎಚ್‌ಟಿಟಿಪಿಯಲ್ಲಿ 202 ಎಂಬ ಸಂಖ್ಯೆ ಇದೆ. ವರದಿ ಹಿನ್ನೆಲೆಯಲ್ಲಿ ತಯಾರಾಗಲಿ. ಪುಟ ಹತ್ತು ಸೆಕೆಂಡಿಗೊಮ್ಮೆ "ಆಯಿತೇ?" ಎಂದು ಕೇಳುತ್ತಿರಲಿ, ಆದಾಗ ಡೌನ್‌ಲೋಡ್ ಕೊಂಡಿ ತೋರಿಸಲಿ. ಈಗ ಯಾವ ರಿಕ್ವೆಸ್ಟೂ ಒಂದೆರಡು ಸೆಕೆಂಡ್ ಮೀರುವುದಿಲ್ಲ, ಯಾರ ಗಡುವೂ ಮುಟ್ಟುವುದಿಲ್ಲ. ಒಂದೇ ವರದಿ ಆಗಲೇ ತಯಾರಾಗುತ್ತಿದ್ದರೆ ಎರಡನೆಯವರಿಗೂ ಅದನ್ನೇ ತೋರಿಸಬಹುದು.

ಇದನ್ನು ಬರೆಯುವವರಿಗೆ ಎರಡು ಮಾತು. ಜಾವಾಸ್ಕ್ರಿಪ್ಟ್‌ನ ಫೆಚ್‌ಗೆ ತನ್ನದೇ ಆದ ಗಡುವು ಇಲ್ಲ, ನೀವು ಕೊಡದಿದ್ದರೆ ಬ್ರೌಸರ್‌ನದ್ದೇ ಗತಿ. 2022ರಿಂದ ಮೂರೂ ಬ್ರೌಸರ್ ಬಳಗಗಳಲ್ಲಿ ಅಬಾರ್ಟ್‌ಸಿಗ್ನಲ್ ಟೈಮ್‌ಔಟ್ ಎಂಬ ಸೌಲಭ್ಯವಿದೆ. ಅದರಿಂದ ಎಲ್ಲ ಬ್ರೌಸರ್‌ಗೂ ಒಂದೇ ಗಡುವು ಇಡಿ, ಮುಗಿದಾಗ ಕನ್ನಡದಲ್ಲಿ ಅರ್ಥವಾಗುವ ಸಂದೇಶ ತೋರಿಸಿ. ಇನ್ನು, ಟ್ಯಾಬ್ ಮರೆಯಲ್ಲಿದ್ದಾಗ ಬ್ರೌಸರ್‌ಗಳು ಟೈಮರ್‌ಗಳನ್ನು ನಿಧಾನಗೊಳಿಸುತ್ತವೆ. 2021ರಲ್ಲಿ ಬಂದ ಕ್ರೋಮ್ 88ರಿಂದೀಚೆಗೆ, ಐದು ನಿಮಿಷ ಮರೆಯಲ್ಲಿದ್ದ ಪುಟದ ಟೈಮರ್ ನಿಮಿಷಕ್ಕೊಮ್ಮೆ ಮಾತ್ರ ಓಡುವುದುಂಟು. ಹತ್ತು ಸೆಕೆಂಡಿಗೊಮ್ಮೆ ಕೇಳುವ ಪುಟ ನಿಮಿಷಕ್ಕೊಮ್ಮೆ ಕೇಳಿದರೆ ಗಾಬರಿ ಬೇಡ, ಸರ್ವರ್ ಆ ವಿಳಂಬವನ್ನು ಸಹಿಸುವಂತಿರಲಿ. ವರದಿಯನ್ನು ತುಣುಕು ತುಣುಕಾಗಿ ಕಳಿಸುವ ದಾರಿ ಹಿಡಿದರೆ, ಮೌನ ಬೆಳೆಯದಂತೆ ಹದಿನೈದು ಸೆಕೆಂಡಿಗೊಮ್ಮೆಯಾದರೂ ಏನಾದರೊಂದು ಸಾಲು ಹೋಗುತ್ತಿರಬೇಕು. ಸರ್ವರ್ ಕಡೆಯಿಂದ ಸಂದೇಶ ಹರಿಸುವ ಕ್ರಮಕ್ಕೆ ಎಚ್‌ಟಿಎಂಎಲ್ ಮಾನದಂಡವೇ ಕೊಡುವ ಸಲಹೆ ಅದು.

ಎಲ್ಲಕ್ಕಿಂತ ಮೊದಲು ಮಾತ್ರ ಡೇಟಾಬೇಸ್ ನೋಡಿಸಿ. ಸಹಕಾರ ಸಂಘವೊಂದರ ವರ್ಷದ ಲೆಕ್ಕಕ್ಕೆ ಏಳೆಂಟು ನಿಮಿಷ ಬೇಕೆಂದರೆ ಎಲ್ಲೋ ಒಂದು ಇಂಡೆಕ್ಸ್ ಇಲ್ಲದಿರುವ ಸಾಧ್ಯತೆ ಹೆಚ್ಚು. ಅದನ್ನು ಸೇರಿಸಿ ವರದಿ ಇಪ್ಪತ್ತು ಸೆಕೆಂಡಿಗೆ ಇಳಿದರೆ ಮೂರು ಬ್ರೌಸರ್‌ಗಳ ಜಗಳವೂ ಅಲ್ಲಿಗೇ ಮುಗಿಯುತ್ತದೆ.

ಕ್ರೋಮ್‌ನಲ್ಲಿ ಬರುತ್ತದೆ ಎಂಬ ಕಾರಣಕ್ಕೆ ಫೈರ್‌ಫಾಕ್ಸ್ ಅಥವಾ ಸಫಾರಿ ಬಳಸುವವರನ್ನು ದೂರಬೇಡಿ. ಅವರಿಗೆ ಮೊದಲು ಕಂಡ ತೊಂದರೆ ನಾಳೆ ನಿಮಗೂ ಬರುವಂಥದ್ದೇ. ಈ ವಾರವೇ ಎಂಜಿನ್‌ಎಕ್ಸ್ ಲಾಗ್ ತೆರೆದು 499 ಮತ್ತು 504 ಎಷ್ಟೆಷ್ಟಿವೆ, ಯಾವ ಪುಟದ ಎದುರಿವೆ ಎಂದು ನೋಡಿ. ವರದಿ ತಯಾರಾಗುತ್ತಿರುವಾಗ ರಿಫ್ರೆಶ್ ಒತ್ತಬೇಡಿ ಎಂದು ಸಹೋದ್ಯೋಗಿಗಳಿಗೂ ಇಂದೇ ತಿಳಿಸಿ.